ರೋಬೋಗೂ ಪೂಜೆ

ಅಮ್ಯೂಸ್‌ಮೆಂಟ್ ಪಾರ್ಕಿನ ‘ಭವಿಷ್ಯನಗರ’ಕ್ಕೆ ಅಂದು ಸಂಜೆ ಉದ್ಘಾಟನೆ. ಬಾಗಿಲಲ್ಲಿ ನಿಂತು, ಬಂದವರ ಮುಖ ನೋಡಿ ಸ್ವಾಗತ ಹೇಳಬೇಕಾದ ರೋಬೋ ಬೆಳಗಿನ ಪೂಜೆ ಮುಗಿದಾಗಿನಿಂದ ತುಟಿ ಪಿಟಕ್ಕೆಂದಿರಲಿಲ್ಲ. ಅದನ್ನು ರೂಪಿಸಿದ ಸುಹಾಸಿನಿ ಊಟವನ್ನೂ ಬಿಟ್ಟು ವೈರು, ಮೋಟಾರು, ಬ್ಯಾಟರಿ ಎಲ್ಲವನ್ನೂ ಬಿಚ್ಚಿ ಜೋಡಿಸಿ, ಸೋತು ನೆಲದ ಮೇಲೆ ಕೂತಿದ್ದಳು.

ಎಲೆಕ್ಟ್ರಿಷಿಯನ್ ಜಬ್ಬಾರ್ ಟಾರ್ಚು ಹಿಡಿದು ರೋಬೋದ ಮುಖದತ್ತ ಬಗ್ಗಿದ.

“ಮೇಡಂ, ಹಣೆ ಮೇಲೆ ಕ್ಯಾಮೆರಾ ಇದೆಯಲ್ಲ, ಅದರ ತುಂಬಾ ಕುಂಕುಮ ಮೆತ್ತಿದೆ.”

ಅವಳಿಗೆ ರೇಗಿಹೋಯಿತು. “ಯಾವ ಮುಠ್ಠಾಳ ಹಚ್ಚಿದ್ದು? ಇಷ್ಟು ದಿನ ಕತ್ತೆ ಥರ ದುಡಿದಿದ್ದು ಇದಕ್ಕೇನಾ? ಯಾರು ಅಂತ ಹೇಳ್ರಿ!”

ಜಬ್ಬಾರ್ ಟಾರ್ಚು ಆರಿಸಿದ.

“ನೀವೇ ಮೇಡಂ. ಕಣ್ಣು ಮುಚ್ಕೊಂಡು, ಇವತ್ತೊಂದು ದಿನ ಕೈ ಕೊಡಬೇಡಪ್ಪಾ ಅಂತ ಬೇಡ್ಕೊಳ್ತಾ ಹಚ್ಚಿದ್ರಿ.”