ಬಣ್ಣ ಕೆಡದ ಊರುಗೋಲು

ತಾನು ಹಾವು ಕೆತ್ತಿ ಬಣ್ಣವಿಟ್ಟು ಕೊಟ್ಟ ಊರುಗೋಲನ್ನು ತಾಯಿ ರೆಫುಹಿಯೊ ಇಂದೂ ಕಂಕುಳಲ್ಲಿ ಅವುಚಿಕೊಂಡು, ಗೋಡೆ ಹಿಡಿದು ಕುಂಟುತ್ತ ಇಗರ್ಜಿಯ ಮೆಟ್ಟಿಲಿಳಿಯುವುದನ್ನು ಕಂಡು ಎವುಲಾಲಿಯೊನ ಸಹನೆ ಬತ್ತಿತು. ಹೋದ ವಾರ ಆಕೆ ಬಿದ್ದದ್ದು ಇಲ್ಲಿಯೇ.

"ಅವ್ವ, ಅದು ಊರ್ಕೊಂಡು ನಡಿಯೋಕೆ. ಮಗು ಥರ ಎತ್ಕೊಂಡು ತಿರುಗೋಕಲ್ಲ."

"ಹಾವಿನ ಬಾಲ ನೆಲಕ್ಕೆ ತಾಗತ್ತಪ್ಪ. ಬಣ್ಣ ಹೋದ್ರೆ ನಿನ್ನ ಕೆಲಸ ನೋಡಿ ಟಿಸಾಟ್ಲಾನ್ ಊರೇ ನಗತ್ತೆ."

"ಇನ್ನೊಂದ್ಸಲ ಬಿದ್ರೆ ನಿಂಗೆ ಸೊಂಟ ಕೆತ್ತಿಕೊಡೋಕೆ ನಂಗೆ ಬರಲ್ಲ."

ಆಕೆ ಶಾಲಿನ ಅಂಚಿನಿಂದ ಹಾವಿನ ಧೂಳೊರೆಸಿದಳು. ಅವನು ಕೋಲನ್ನು ಕಸಿದು, ಅದರ ತುದಿಯನ್ನು ಕಲ್ಲಿಗೆ ಗರಗರನೆ ಉಜ್ಜಿದನು. ಬಾಲದ ಕೆಂಪು ಬಣ್ಣವೆಲ್ಲ ಸಿಪ್ಪೆಯಾಗಿ ಎದ್ದುಹೋಯಿತು.

"ತಗೋ, ಹಳೇದಾಯ್ತು."

"ಕೈಗೆ ಹುಳ ಬೀಳ ನಿಂಗೆ" ಎಂದು ಕೋಲನ್ನು ಕಿತ್ತುಕೊಂಡ ರೆಫುಹಿಯೊ, ಗೋಡೆಯನ್ನು ಮರೆತು, ಒಂದೊಂದು ಬೈಗುಳಕ್ಕೂ ಅದನ್ನು ನೆಲಕ್ಕೆ ಬಲವಾಗಿ ಊರುತ್ತ, ಮನೆಯವರೆಗೂ ಅವನ ಬೆನ್ನುಹತ್ತಿ ನಡೆದಳು.