ಗುಂಡುಪಿನ್ನು

"ಅಕ್ಕಾ, ನಿಮ್ಮ ಕಾಲರಿನಲ್ಲಿರೋ ಗುಂಡುಪಿನ್ನು ಒಂದು ಕೊಡ್ತೀರಾ?" ಎಂದ ಮೊಬೈಲ್ ಅಂಗಡಿಯವನು. ಬಟ್ಟೆ ಹೊಲಿಯುವ ಹೆಂಗಸು ಫೋನನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬೆಳಗ್ಗೆಯಿಂದ ಇದು ನಾಲ್ಕನೇ ಅಂಗಡಿ. ಚಾರ್ಜ್ ಆಗದ ಫೋನ್ ನೋಡಿ ಹಿಂದಿನ ಮೂವರೂ ಬೋರ್ಡೇ ಹೋಗಿದೆ ಎಂದು ತಲೆಯಾಡಿಸಿ, ಎಕ್ಸ್‌ಚೇಂಜ್ ಆಫರಿನ ಬೆಣ್ಣೆ ಮಾತಾಡಿದ್ದರು. ಇವನು ಪಿನ್ನು ಕೇಳುತ್ತಾನೆ. ಇದ್ದ ಜೀವವನ್ನೂ ತೆಗೆದು, ಹೊಸದನ್ನು ಕೊರಳಿಗೆ ಕಟ್ಟುವ ಉಪಾಯವಿರಬೇಕು.

"ಇದರಲ್ಲಿ ನಲವತ್ತು ಗಿರಾಕಿಗಳ ಅಳತೆ ಇದೆ. ಏನಾದ್ರೂ ಆದ್ರೆ ನಾನು ಇಲ್ಲಿಂದ ಕದಲೋದಿಲ್ಲ," ಎಂದಳು.

"ಫೋನ್ ನೀವೇ ಹಿಡ್ಕೊಂಡಿರಿ."

ಅವಳು ಪಿನ್ನು ಕೊಟ್ಟು, ಫೋನ್ ಹಿಡಿದೇ ಇದ್ದಳು. ಅವನು ಫೋನಿನ ಚಾರ್ಜಿಂಗ್ ತೂತಿನೊಳಗೆ ಪಿನ್ನಿನ ತುದಿ ಆಡಿಸಿ, ಹತ್ತಿಯುಂಡೆಯಂಥದ್ದನ್ನು ಎಳೆದು ಕೌಂಟರಿನ ಗಾಜಿನ ಮೇಲಿಟ್ಟ. ನೀಲಿ, ಹಳದಿ ದಾರದ ಚೂರುಗಳು. ಅವಳ ಹೊಲಿಗೆ ಯಂತ್ರದ್ದೇ. ವೈರು ಚುಚ್ಚಿದೊಡನೆ ಪರದೆ ಬೆಳಗಿತು.

ಆದರೂ ಅವಳು ಹೊರಡಲಿಲ್ಲ. ಈಗ ಎಲ್ಲಿ ಕೊಕ್ಕೆ ಹಾಕುತ್ತಾನೋ ಎಂದು ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಕಾಸೂ ಕೇಳದೆ ಆಗಲೇ ಬೇರೆ ಗಿರಾಕಿಯತ್ತ ತಿರುಗಿದ್ದ. ಕಾಲು ಗಂಟೆ ಕಾದ ಮೇಲೆ ಅವಳೇ ಕೆಮ್ಮಿದಳು.

"ನನ್ನ ಮಗಳಿಗೂ ಒಂದು ಫೋನ್ ಬೇಕಿತ್ತು. ಯಾವುದು ತಗೊಳ್ಳಲಿ, ನೀವೇ ಹೇಳಿ."