ಅಕ್ಕನ ಹೆಸರಿನ ರಕ್ತ

ಕಸ್ತೂರಿ ಅಕ್ಕನ ನಿಶ್ಚಯದ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಅಜ್ಜಿಯ ಕಾಲು ಹೋದದ್ದು ಗಂಡಿನವರ ಕಿವಿಗೆ ಬಿದ್ದಿತ್ತು. ಹುಡುಗಿಯ ರಕ್ತಪರೀಕ್ಷೆಯ ವರದಿ ತೋರಿಸಿ ಎಂದಿದ್ದರು. ಅಕ್ಕ ಸುನಂದಾ ಮೈಕೈ ತುಂಬಿಕೊಂಡವಳು. ಅವ್ವನಿಗೆ ಅದೇ ಅಂಜಿಕೆ.

"ಅಕ್ಕನ ಹೆಸರ್ಲೆ ನೀನ ರಕ್ತ ಕೊಟ್ಟು ಬಾ," ಎಂದಳು ಅವ್ವ. "ಕಡ್ಡಿ ಹಂಗ ಇದ್ದಿ, ನಿನ್ನ ಮೈಯಾಗ ಸಕ್ಕರಿ ಎಲ್ಲಿ ಕುಂದರ್ತೈತಿ?"

"ಹೋಗವಾ, ಪುಕ್ಕಟ ಸಕ್ಕರಿ ನೀರು ಕುಡಿಸ್ತಾರ," ಎಂದು ಅಪ್ಪ ನಕ್ಕ.

ಕಸ್ತೂರಿ ಲ್ಯಾಬಿನಲ್ಲಿ ಗ್ಲೂಕೋಸ್ ನೀರು ಕುಡಿದು ಎರಡು ತಾಸು ಕೂತಳು. ಸುನಂದಾ ಎಂದು ಕೂಗಿದಾಗಲೆಲ್ಲ ಎದ್ದು ಕೈ ಚಾಚಿದಳು.

ಮರುದಿನ ಅಪ್ಪ ವರದಿಯನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದ. ಮುಖದಲ್ಲಿ ಕಳೆಯಿರಲಿಲ್ಲ.

"ಸಕ್ಕರಿ ಬಂತು ಅಂತ ಕರುಳು ಹೇಳಿಕಳಿಸ್ತೈತಂತ, ಆಗ ಇನ್ಸುಲಿನ್ ಬರಬೇಕಂತ. ನಿಮ್ಮ ಮಗಳಿಗೆ ಅದು ಬರೂದ ಭಾಳ ಕಡಿಮಿ, ರಕ್ತದಾಗ ಸಕ್ಕರಿ ಏರೇತಿ, ತಡಾ ಮಾಡದ ಕರ್ಕೊಂಡು ಬರ್ರಿ ಅಂದ್ರು."

ಸುನಂದಾ ಗೋಡೆಗೆ ಮುಖ ಮಾಡಿ ಅತ್ತಳು. ಅವ್ವ ಅವಳನ್ನು ಎದೆಗೆ ಒತ್ತಿಕೊಂಡಳು.

"ಹುಚ್ಚಿ, ಯಾಕ ಅಳ್ತಿ? ಇದು ನಿನ್ನ ರಕ್ತ ಅಲ್ಲಲ್ಲ!"

"ಹೌದಲ್ಲ!" ಅಪ್ಪ ದೊಡ್ಡ ಉಸಿರು ಬಿಟ್ಟ. "ಗಂಡಿನವರಿಗೆ ಇನ್ನೂ ತೋರಿಸಿಲ್ಲ. ನಾಳೆ ಬ್ಯಾರೆ ಲ್ಯಾಬಿಗೆ ನೀನ ನಡಿ, ಸುನಂದಾ."

ವರದಿ ಒಲೆಗೆ ಬಿತ್ತು. ಸುನಂದಾ ಕಣ್ಣೊರೆಸಿಕೊಂಡು ನಕ್ಕಳು. ಅವ್ವ ಚಹಾಕ್ಕೆ ಇಟ್ಟಳು.

ಕಸ್ತೂರಿ ಎರಡನೆಯ ಸಲ, ತುಸು ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ನನ್ನ ಆ ಡಾಕ್ಟರ್ ಕಡೆ ಕರ್ಕೊಂಡು ಹೋಗ್ತೀಯೇನು?"